ಗೊಂಬೆಗಳ ಬಣ್ಣ ಹೆರೆಯುವವರೊಡನೆ ಒಂದು ಜಗಳ

ಮಹಾಲಯ ಅಮಾವಾಸ್ಯೆ ಸಮೀಪಿಸಿದಂತೆ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟಿದ್ದ ಪಟ್ಟದ ಗೊಂಬೆಗಳು, ಶೆಟ್ಟಿ-ಶೆಟ್ಟಿತಿಯರು, ಚನ್ನಪಟ್ಟಣದ ಬುಗುರಿ-ಬಂಡಿಗಳು ಒಂದೊಂದಾಗಿ ಜಗಲಿಗೆ ಬರುತ್ತವೆ. ಒಂದರ ಮೂಗಿನ ತುದಿಯ ಬಣ್ಣ ಉದುರಿದೆ, ಇನ್ನೊಂದರ ಸೀರೆಯ ಅಂಚು ಮಾಸಿದೆ. ಅದನ್ನು ಕಂಡೊಡನೆ ಮನೆಯ ಹಿರಿಯರಲ್ಲೊಬ್ಬರು ಅಪ್ಪಣೆ ಕೊಡಿಸುತ್ತಾರೆ: "ಹಳೇ ಬಣ್ಣ ಪೂರ್ತಿ ತೆಗೆದು ಹೊಸದಾಗಿ ಪೇಂಟ್ ಹೊಡೆದುಬಿಡಿ." ಅಂಗಡಿಯಿಂದ ಉಪ್ಪುಕಾಗದ ಬರುತ್ತದೆ, ಥಿನ್ನರ್ ಬರುತ್ತದೆ, ಶಾಲೆಗೆ ರಜೆಯಿರುವ ಮಕ್ಕಳನ್ನು ಸಾಲಾಗಿ ಕೂರಿಸಿ ಕೈಗೊಂದು ಗೊಂಬೆ ಕೊಡಲಾಗುತ್ತದೆ. ಮಕ್ಕಳು ಉಜ್ಜುತ್ತಾರೆ. ಧೂಳು ಏಳುತ್ತದೆ. ಅದೇ ಕೈಯಲ್ಲಿ ಚಕ್ಕುಲಿ ತಿನ್ನುತ್ತಾರೆ.

ಈ ಕೆಲಸವನ್ನು ನಿಲ್ಲಿಸಬೇಕೆಂಬುದೇ ನನ್ನ ವಾದ. ಮೃದುವಾಗಿ ಹೇಳಿ ನೋಡಿಯಾಗಿದೆ, ಫಲವಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ನಮ್ಮ ಅಂಬ್ಲಿಗೊಳದ ಸುತ್ತಮುತ್ತ ಗೊಂಬೆ ಕೂರಿಸುವ ಮನೆಗಳು ಮೈಸೂರಿನ ಕಡೆ ಇರುವಷ್ಟಿಲ್ಲ. ಆದರೆ ಆ ಸೀಮೆಯಿಂದ ಸೊಸೆಯಾಗಿ ಬಂದವರು ತವರಿನ ಗೊಂಬೆಗಳನ್ನೂ ತಂದಿದ್ದಾರೆ. ಅವು ಎರಡು ಮೂರು ತಲೆಮಾರು ಹಳೆಯವು. ಹಳೆಯವಾದ್ದರಿಂದಲೇ ಅಪಾಯ. ಹಿಂದಿನ ಕಾಲದ ಎಣ್ಣೆಬಣ್ಣಗಳಲ್ಲಿ ಬಿಳುಪಿಗೆ ಸೀಸದ ಬಿಳಿ, ಹಳದಿಗೆ ಸೀಸದ ಕ್ರೋಮೇಟು, ಕೆಂಪಿಗೆ ಸೀಸದ ಸಿಂಧೂರ, ಇವು ಸರ್ವೇಸಾಮಾನ್ಯವಾಗಿದ್ದವು. ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ 90 ಭಾಗವನ್ನು ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ ಪ್ರಕಟವಾದದ್ದು 2016ರಲ್ಲಿ. ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಬಳಿದ ಬಣ್ಣದಲ್ಲಿ ಎಷ್ಟು ಸೀಸವಿದೆಯೆಂದು ಕಣ್ಣಿನಿಂದ ನೋಡಿ ಹೇಳಲು ಯಾವ ಪಂಡಿತನಿಗೂ ಆಗದು. ಆದ್ದರಿಂದ ಇದೆಯೆಂದೇ ಭಾವಿಸಿ ನಡೆಯುವುದು ವಿವೇಕ.

ಗೊಂಬೆ ಸುಮ್ಮನೆ ಮೆಟ್ಟಿಲ ಮೇಲೆ ಕುಳಿತಿದ್ದರೆ, ಮಗು ಅದನ್ನು ಬಾಯಿಗಿಡದಿದ್ದರೆ, ಆ ಸೀಸದಿಂದ ದೊಡ್ಡ ಕೇಡೇನೂ ಇಲ್ಲ. ಉಪ್ಪುಕಾಗದ ಹಿಡಿದು ಒಣಗಿದ ಬಣ್ಣವನ್ನು ಉಜ್ಜಿದಾಗ ಅದು ಉಸಿರಿಗೂ ಅನ್ನದ ತಟ್ಟೆಗೂ ದಾರಿ ಕಂಡುಕೊಳ್ಳುತ್ತದೆ. ಬೆಂಕಿಯಲ್ಲಿ ಹಿಡಿದು ಸುಟ್ಟು ತೆಗೆಯುವವರದು ಇನ್ನೂ ಕೆಟ್ಟ ಪದ್ಧತಿ, ಸೀಸದ ಹೊಗೆ ನೇರವಾಗಿ ಶ್ವಾಸಕೋಶಕ್ಕೇ ಹೋಗುತ್ತದೆ. ಹೊಟ್ಟೆಗೆ ಸೇರಿದ ಸೀಸವನ್ನು ಸಣ್ಣ ಮಕ್ಕಳ ದೇಹವು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ, ಮೂಳೆಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ. ಇಷ್ಟರವರೆಗೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇದಕ್ಕೆ ಬರುವ ಉತ್ತರ ನನಗೆ ಬಾಯಿಪಾಠವಾಗಿದೆ: "ನಮ್ಮಜ್ಜಿ ಕಾಲದಿಂದ ಮಾಡ್ತಾ ಬಂದಿದೀವಿ ಮೇಷ್ಟ್ರೇ, ಯಾರಿಗೆ ಏನಾಗಿದೆ?" ಏನಾಗಿದೆಯೆಂದು ನೋಡಿದವರು ಯಾರು? ಸೀಸ ಹಾವಿನಂತೆ ಕಚ್ಚಿ ಗುರುತು ಬಿಡುವುದಿಲ್ಲ. ಹೊಟ್ಟೆನೋವು, ರಕ್ತಹೀನತೆ, ಗಮನ ನಿಲ್ಲದಿರುವುದು, ಪಾಠ ತಲೆಗೆ ಹತ್ತದಿರುವುದು, ಇವೆಲ್ಲ ಬೇರೆ ಬೇರೆ ಹೆಸರಿನಲ್ಲಿ ಲೆಕ್ಕಕ್ಕೆ ಸೇರುತ್ತವೆ. ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನದವರು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಏಳು ನಗರಗಳ ಮಕ್ಕಳ ರಕ್ತ ಪರೀಕ್ಷಿಸಿ, ಹನ್ನೆರಡು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸವು ಅಂದಿನ ಮಿತಿಯನ್ನು ಮೀರಿರುವುದನ್ನು ತೋರಿಸಿಕೊಟ್ಟರು. ಆ ಮಕ್ಕಳ ತಂದೆತಾಯಿಯರೂ ಏನೂ ಆಗಿಲ್ಲವೆಂದೇ ತಿಳಿದಿದ್ದಿರಬೇಕು. ಆ ಸೀಸದಲ್ಲಿ ಬಹುಪಾಲು ಪೆಟ್ರೋಲಿನದೆಂಬುದು ನಿಜ. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಅಟ್ಟದ ಪೆಟ್ಟಿಗೆಯಿಂದ ಹೋಗಿಲ್ಲ.

ಆರೋಗ್ಯದ ಮಾತು ಇಷ್ಟು ಸಾಕು. ಗೊಂಬೆಯ ಪಕ್ಷದಿಂದಲೂ ವಾದಿಸಬೇಕಾಗಿದೆ, ಏಕೆಂದರೆ ಅದಕ್ಕೆ ಬಾಯಿಲ್ಲ.

ಈಚೆಗೆ ಹೊಸದೊಂದು ವಿದ್ಯೆ ಬಂದಿದೆ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮೊಮ್ಮಕ್ಕಳು ಹೆಬ್ಬೆರಳುದ್ದದ ಸೈನಿಕರ ಪ್ರತಿಮೆಗಳಿಗೆ ಬಣ್ಣ ಹಾಕುವ ಹವ್ಯಾಸದವರು. ಅವರು ಬಣ್ಣ ಕೆಟ್ಟರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲೋ ಡೆಟಾಲಿನಲ್ಲೋ ಒಂದು ರಾತ್ರಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆಯುತ್ತಾರೆ. ಅವರ ಮಟ್ಟಿಗೆ ಅದು ಸರಿ. ಅವರ ಪ್ರತಿಮೆ ಲೋಹದ್ದು ಅಥವಾ ಪ್ಲಾಸ್ಟಿಕ್ಕಿನದು, ಬಣ್ಣ ಅಕ್ರಿಲಿಕ್. ಅಲ್ಲಿಯೂ ಅವರು ಎಚ್ಚರ ತಪ್ಪುವುದಿಲ್ಲ. ಉಗುರುಬಣ್ಣ ತೆಗೆಯುವ ಅಸಿಟೋನು ತಾಗಿದರೆ ಪ್ಲಾಸ್ಟಿಕ್ ಸೈನಿಕ ಕರಗಿ ಮುದ್ದೆಯಾಗುತ್ತಾನೆಂದು ಅವರಿಗೆ ಗೊತ್ತು. ಆ ಉಪಾಯವನ್ನು ಹಾಗೆಯೇ ಎತ್ತಿ ತಂದು ಅಜ್ಜಿಯ ಗೊಂಬೆಗೆ ಹಚ್ಚುವ ನಮ್ಮವರಿಗೆ ಮಾತ್ರ ಗೊಂಬೆ ಯಾವುದರಿಂದ ಆದದ್ದೆಂದು ಕೇಳಿಕೊಳ್ಳುವ ವ್ಯವಧಾನವಿಲ್ಲ.

ಚನ್ನಪಟ್ಟಣದ ಆಟಿಕೆಯನ್ನು ನೋಡಿ. ಹಾಲೆ ಮರದ ತುಂಡನ್ನು ತಿರುಗಣಿಗೆ ಕೊಟ್ಟು, ತಿರುಗುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಬಿಸಿಗೆ ಕರಗಿದ ಅರಗು ಮರಕ್ಕೆ ಹಿಡಿಯುವಂತೆ ಮಾಡಿ, ಗರಿಯಿಂದ ತಿಕ್ಕಿ ಹೊಳಪು ಬರಿಸುತ್ತಾರೆ. ಅಲ್ಲಿ ಬಣ್ಣವೆಂದರೆ ಅರಗೇ. ಅರಗು ಸ್ಪಿರಿಟ್ಟಿಗೂ ಕರಗುತ್ತದೆ, ಸೋಡಾ ನೀರಿಗೂ ಕರಗುತ್ತದೆ. ಒಂದು ರಾತ್ರಿ ನೆನೆಸಿದರೆ ಬೆಳಿಗ್ಗೆ ನಿಮಗೆ ಸಿಗುವುದು ಪೆಚ್ಚುಮೋರೆಯ ಒಂದು ಮರದ ತುಂಡು. ಅದಕ್ಕೆ ಎನಾಮೆಲ್ ಬಳಿದು 'ರಿನೋವೇಶನ್' ಎಂದು ಕರೆಯುತ್ತೀರಿ.

ಕೊಪ್ಪಳದ ಬಳಿಯ ಕಿನ್ನಾಳದ ಗೊಂಬೆಯ ಪಾಡು ಇನ್ನೂ ದಾರುಣ. ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟು ಕೂಡಿದ ಕಿಟ್ಟದಿಂದ ಸಂದುಗಳನ್ನು ತುಂಬಿ, ಆಭರಣಗಳ ಉಬ್ಬನ್ನು ಕಲ್ಲುಪುಡಿಯ ಸರಿಯಿಂದ ಎಬ್ಬಿಸಿ, ಆಮೇಲೆ ಬಣ್ಣ ಹಾಕುತ್ತಾರೆ. ಅದನ್ನು ನೀರಿನಲ್ಲಿ ನೆನೆಸಿದರೆ ಅಂಟೇ ಬಿಟ್ಟುಕೊಳ್ಳುತ್ತದೆ. ಕೈ ಒಂದು ಕಡೆ, ಕಿರೀಟ ಒಂದು ಕಡೆ. ಸುಡದ ಮಣ್ಣಿನ ಗೊಂಬೆಯಂತೂ ನೀರು ತಾಗಿದರೆ ಮತ್ತೆ ಮಣ್ಣೇ. ರಕ್ತಚಂದನದ ಪಟ್ಟದ ಗೊಂಬೆಗೆ ಸ್ಪಿರಿಟ್ ಸೋಕಿಸಿದರೆ ಮರದ ಕೆಂಪೇ ಹತ್ತಿಗೆ ಇಳಿಯುತ್ತದೆ. 'ಎಷ್ಟು ಕೊಳೆ ನೋಡಿ' ಎಂದು ಹೆಮ್ಮೆಯಿಂದ ತೋರಿಸುತ್ತಾರೆ! ಸೊರಬ, ಸಾಗರಗಳ ಗುಡಿಗಾರರು ಕೆತ್ತಿದ ಶ್ರೀಗಂಧದ ಮೂರ್ತಿಗೆ ಯಾರೋ ವಾರ್ನಿಷ್ ಬಳಿಯುವುದು, ಅದು ಕಪ್ಪಾಯಿತೆಂದು ಇನ್ಯಾರೋ ಥಿನ್ನರಿನಲ್ಲಿ ತೊಳೆಯುವುದು ಕೂಡ ನಮ್ಮ ಸೀಮೆಯಲ್ಲೇ ನಡೆಯುತ್ತದೆ. ಊರ ಪಕ್ಕದಲ್ಲೇ ಕಸುಬು ಬಲ್ಲ ಮನೆತನಗಳಿರುವಾಗ ಅವರನ್ನೊಂದು ಮಾತು ಕೇಳಬಾರದೆ?

ಹಾಗಾದರೆ ಏನು ಮಾಡಬೇಕು? ಬಹುಪಾಲು ಗೊಂಬೆಗಳಿಗೆ ಬಣ್ಣ ತೆಗೆಯುವ ಅಗತ್ಯವೇ ಇಲ್ಲ. ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ. ಗೊಂಬೆಯ ಅಡಿಯಲ್ಲಿ, ಕಾಣದ ಜಾಗದಲ್ಲಿ, ಹಿಂಡಿದ ಒದ್ದೆ ಹತ್ತಿಯನ್ನು ಒಮ್ಮೆ ಒತ್ತಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಎದ್ದ ಪದರವಿದ್ದರೆ ತೆಳ್ಳನೆಯ ಅಂಟಿನಿಂದ ಕೂರಿಸಿ, ಉದುರಿದಷ್ಟೇ ಜಾಗಕ್ಕೆ ಸಣ್ಣ ಕುಂಚದಲ್ಲಿ ಬಣ್ಣ ಮುಟ್ಟಿಸಿ. ಭಿನ್ನವಾದದ್ದನ್ನು ಕೂರಿಸಬಾರದೆಂಬ ಶಾಸ್ತ್ರ ಪ್ರತಿಷ್ಠೆಯಾದ ಮೂರ್ತಿಗೆ. ಮಾಸಿದ ಸೀರೆಯ ಶೆಟ್ಟಿತಿಗಲ್ಲ.

ಲೋಹದ ಗೊಂಬೆಯೋ ಆಟದ ಕಾರೋ ಆಗಿದ್ದು ಬಣ್ಣ ತೆಗೆಯಲೇಬೇಕೆಂದಾದರೆ ದೊಡ್ಡವರೇ ತೆಗೆಯಲಿ, ಅಂಗಳದಲ್ಲಿ ತೆಗೆಯಲಿ, ಒದ್ದೆಯಾಗಿಯೇ ತೆಗೆಯಲಿ. ಕೈಗೆ ರಬ್ಬರಿನ ಗವಸಿರಲಿ. ಮುಚ್ಚಳವಿರುವ ಗಾಜಿನ ಭರಣಿಯಲ್ಲಿ ಸ್ಪಿರಿಟ್ ಹಾಕಿ ನೆನೆಸಬಹುದು. ಹತ್ತಿರದಲ್ಲಿ ಒಲೆ, ಬೀಡಿ, ಊದುಬತ್ತಿ ಇರಕೂಡದು. ಹಳೆಯ ಎನಾಮೆಲ್ ಅದಕ್ಕೆ ಬೇಗ ಜಗ್ಗುವುದಿಲ್ಲ, ತಾಳ್ಮೆ ಬೇಕು. ತಾಳ್ಮೆಗೆಟ್ಟು ಕಾಸ್ಟಿಕ್ ಸೋಡಕ್ಕೆ ಕೈಹಾಕಬೇಡಿ. ಅದು ಅಲ್ಯುಮಿನಿಯಮ್ಮನ್ನೂ ಆಟದ ಕಾರುಗಳ ಸತುವಿನ ಮಿಶ್ರಲೋಹವನ್ನೂ ತಿನ್ನುತ್ತದೆ, ಕಣ್ಣಿಗೆ ಹಾರಿದರೆ ಕಣ್ಣನ್ನೂ ತಿನ್ನುತ್ತದೆ. ಕ್ಷಣಾರ್ಧದಲ್ಲಿ ಬಣ್ಣ ಕೀಳುವ ಮೆಥಿಲೀನ್ ಕ್ಲೋರೈಡ್ ಇರುವ ದ್ರಾವಣ ಮನೆಯೊಳಗೆ ಬರಲೇಬಾರದು. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಕುಡಿದು ಪ್ರಾಣಬಿಟ್ಟವರಿದ್ದಾರೆ. ಅಮೆರಿಕದಲ್ಲಿ ಅದನ್ನು ಗೃಹಬಳಕೆಯ ಬಣ್ಣ ತೆಗೆಯಲು ಮಾರುವುದನ್ನು 2019ರಲ್ಲೇ ನಿಷೇಧಿಸಿದರು.

ಶಾಲೆಗಳಿಗೂ ಒಂದು ಮಾತು. 'ಕಸದಿಂದ ರಸ' ಎಂಬ ಹೆಸರಿನಲ್ಲಿ ಹಳೆಯ ಆಟಿಕೆ ತರಿಸಿ, ತರಗತಿಯಲ್ಲೇ ಉಪ್ಪುಕಾಗದ ಕೊಟ್ಟು ಉಜ್ಜಿಸುವ ಸ್ಪರ್ಧೆಯೊಂದನ್ನು ಕಣ್ಣಾರೆ ಕಂಡೆ. ಬಿ.ಎಡ್. ತರಬೇತಿಯಲ್ಲಿ ನಮಗೆ 'ಮಾಡಿ ಕಲಿ' ಎಂದು ಹೇಳಿಕೊಟ್ಟರು ನಿಜ. ಉಸಿರಾಡಿ ಕಲಿ ಎಂದು ಯಾರೂ ಹೇಳಿಕೊಡಲಿಲ್ಲ. ಮಕ್ಕಳಿಗೆ ಬಣ್ಣ ಹಾಕಲು ಹೊಸ ಮಣ್ಣಿನ ಗೊಂಬೆಗಳನ್ನೇ ಮಾಡಿಸಿ. ಕೆರೆಯಂಗಳದಲ್ಲಿ ಮಣ್ಣಿಗೇನು ಬರವೇ?

ಇನ್ನು ಕೊನೆಗೆ ಉಳಿಯುವ ಕೊಳೆ. ತೆಗೆದ ಬಣ್ಣದ ಹುಡಿಯನ್ನು ಪೊರಕೆಯಿಂದ ಗುಡಿಸಿದರೆ ಅದು ಮತ್ತೆ ಗಾಳಿಗೇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಅದರೊಡನೆಯೇ ಎಸೆಯಬೇಕು. ನೆನೆಸಿದ ದ್ರಾವಣವನ್ನು ಬಚ್ಚಲಿಗೋ ಗೊಬ್ಬರಗುಂಡಿಗೋ ಸುರಿಯಕೂಡದು. ಮಕ್ಕಳ ಕೈಗೆ ಸಿಗದಂತೆ ಹೊರಗೆ ನೆರಳಿನಲ್ಲಿ ಆರಿಸಿ, ಉಳಿದ ಗಸಿಯನ್ನು ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿ ಮುಚ್ಚಿ, ಹಸಿ ಕಸದಿಂದ ಬೇರೆಯಾಗಿ ಪಂಚಾಯಿತಿಯ ಕಸದ ಗಾಡಿಯವರಿಗೆ ಹೇಳಿ ಕೊಡಬೇಕು. ಗಣಪತಿಯ ಬಣ್ಣ ಕೆರೆಗೆ ಹೋಗಬಾರದೆಂದು ಎಷ್ಟೊಂದು ಭಾಷಣಗಳನ್ನು ಕೇಳಿದ್ದೇವೆ. ಚರಂಡಿಗೆ ಚೆಲ್ಲಿದ ಗೊಂಬೆಯ ಬಣ್ಣವೂ ಮಳೆಯೊಡನೆ ಇಳಿಜಾರು ಹಿಡಿದು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ಕೆರೆಯಿಂದ ಗದ್ದೆಗೇ ಹೋಗುತ್ತದೆ.