ವಿಮಾನಕ್ಕೊಂದು ಸೂರು ಬೇಕು

2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ಮಿಗ್–21 ಯುದ್ಧವಿಮಾನಗಳು ವಾಯುಪಡೆಯಿಂದ ನಿವೃತ್ತಿ ಹೊಂದಿದವು. 1963ರಿಂದ ಈಚೆಗೆ 870ಕ್ಕೂ ಹೆಚ್ಚು ಮಿಗ್–21ಗಳು ನಮ್ಮ ವಾಯುಪಡೆ ಸೇರಿದ್ದವು. ಬೀಳ್ಕೊಡುಗೆಯ ಭಾಷಣಗಳು ಮುಗಿದ ಮೇಲೆ ಉಳಿಯುವುದು ಈ ವಿಮಾನಗಳ ಒಡಲನ್ನು ಏನು ಮಾಡಬೇಕು ಎಂಬ ಪ್ರಶ್ನೆ. ಇದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ. ಊರಿನ ವೃತ್ತಕ್ಕೊಂದು, ಎಂಜಿನಿಯರಿಂಗ್ ಕಾಲೇಜಿನ ಅಂಗಳಕ್ಕೊಂದು, ಉದ್ಯಾನಕ್ಕೊಂದು ಹಂಚುವುದು. ಸಿಮೆಂಟಿನ ಕಟ್ಟೆ ಕಟ್ಟಿ, ಮೂತಿಯನ್ನು ಆಕಾಶದತ್ತ ಎತ್ತಿ ನಿಲ್ಲಿಸಿ, ಶಾಸಕರಿಂದ ಉದ್ಘಾಟನೆ ಮಾಡಿಸಿದರೆ ಪರಂಪರೆ ಉಳಿಯಿತು ಎಂದೇ ಲೆಕ್ಕ.

ಉಳಿಯುವುದಿಲ್ಲ. ಹತ್ತು–ಹದಿನೈದು ಮಳೆಗಾಲ ಕಳೆದರೆ ಅಲ್ಲಿರುವುದು ಬಣ್ಣ ಬಳಿದ ಗುಜರಿ.

ಹೊರಗಿನಿಂದ ನೋಡಿದವರಿಗೆ ಇದು ಉತ್ಪ್ರೇಕ್ಷೆ ಅನಿಸಬಹುದು. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗೆ ತುಕ್ಕು ಹಿಡಿಯುವುದಿಲ್ಲವಲ್ಲ! ಆದರೆ ವಿಮಾನಕ್ಕೆ ಬಳಸುವುದು ಶುದ್ಧ ಅಲ್ಯೂಮಿನಿಯಂ ಅಲ್ಲ. ತಾಮ್ರ ಬೆರೆಸಿ ಗಟ್ಟಿ ಮಾಡಿದ ಮಿಶ್ರಲೋಹ. ತಾಮ್ರದಿಂದ ಅದಕ್ಕೆ ಬಲ ಬರುತ್ತದೆ, ಜೊತೆಗೆ ಸವೆತಕ್ಕೂ ದಾರಿಯಾಗುತ್ತದೆ. ಅದನ್ನು ತಡೆಯಲೆಂದೇ ತಗಡಿನ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಅಂಟಿಸಿರುತ್ತಾರೆ. ರಿವೆಟ್ ಹೊಡೆದ ತೂತಿನ ಅಂಚಿನಲ್ಲಿ, ಕತ್ತರಿಸಿದ ಬದಿಯಲ್ಲಿ, ಗೀರು ಬಿದ್ದ ಕಡೆ ಆ ಪದರ ಇರುವುದಿಲ್ಲ. ನೀರು ನುಗ್ಗುವುದು ಅಲ್ಲಿಂದಲೇ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂಗೆ ತಾಗುವ ಜಾಗದಲ್ಲಿ ತೇವ ನಿಂತರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಹುಟ್ಟಿಕೊಂಡಂತೆ; ಮೊದಲು ಕರಗುವುದು ಅಲ್ಯೂಮಿನಿಯಂ. ಲೋಹ ಒಳಗೊಳಗೇ ಪದರ ಪದರವಾಗಿ ಎದ್ದು ಬಿಳಿ ಪುಡಿಯಾಗುತ್ತದೆ. ಮೇಲಿನ ಬಣ್ಣ ಮಾತ್ರ ನೆಟ್ಟಗೇ ಇರುತ್ತದೆ.

ಕಟ್ಟೆಯಿಂದ ಆಗುವ ಹಾನಿ ಬೇರೆಯೇ ಇದೆ. ವಿಮಾನದ ಹೊಟ್ಟೆಯಲ್ಲಿ ನೀರು ಬಸಿಯಲು ಸಣ್ಣ ತೂತುಗಳಿರುತ್ತವೆ. ವಿಮಾನ ನೆಲದ ಮೇಲೆ ಚಕ್ರಗಳ ಮೇಲೆ ನಿಂತಾಗ ಅತಿ ತಗ್ಗಿನಲ್ಲಿರುವ ಜಾಗ ನೋಡಿ ಆ ತೂತು ಇಟ್ಟಿರುತ್ತಾರೆ. ಹಾರುವ ಭಂಗಿ ಚೆನ್ನಾಗಿ ಕಾಣಲಿ ಎಂದು ಮೂತಿ ಎತ್ತಿ ನಿಲ್ಲಿಸಿದರೆ ತಗ್ಗು ಬಾಲದ ಕಡೆಗೆ ಹೋಗುತ್ತದೆ, ಮಳೆನೀರು ಅಲ್ಲೇ ನಿಲ್ಲುತ್ತದೆ. ಬಿಸಿಲಿಗೆ ಕಾಕ್‌ಪಿಟ್‌ನ ಅಕ್ರಿಲಿಕ್ ಮಂಜಾಗುತ್ತದೆ, ರಬ್ಬರ್ ಬಿರಿಯುತ್ತದೆ. ಬಿರಿದ ಸಂದಿಯಲ್ಲಿ ಪಾರಿವಾಳ ಗೂಡು ಕಟ್ಟುತ್ತದೆ. ಅದರ ಹಿಕ್ಕೆ ಲೋಹಕ್ಕೆ ಒಳ್ಳೆಯದಲ್ಲ. ಗಣರಾಜ್ಯೋತ್ಸವ ಹತ್ತಿರ ಬಂದಾಗ ಗುತ್ತಿಗೆದಾರರು ಬಂದು, ಸವೆತವನ್ನು ಕೆರೆಯದೆಯೇ ಅದರ ಮೇಲೆ ಎನಾಮಲ್ ಬಣ್ಣ ಹೊಡೆದು ಹೋಗುತ್ತಾರೆ. ಸ್ಕ್ವಾಡ್ರನ್ನಿನ ಮೂಲ ಗುರುತು, ಸಂಖ್ಯೆಯ ಅಕ್ಷರಶೈಲಿ ಎಲ್ಲ ಆ ಬಣ್ಣದಡಿ ಮುಚ್ಚಿಹೋಗುತ್ತವೆ.

ಈ ಮಾತನ್ನು ಬೆಂಗಳೂರಿನ ಮುಂದಿಟ್ಟು ಆಡಬೇಕಾಗಿದೆ, ಯಾಕೆಂದರೆ ಸತ್ತ ವಿಮಾನವನ್ನು ಬದುಕಿಸುವ ಕೆಲಸ ಈ ಊರಿಗೆ ಹೊಸದಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ಅಮೆರಿಕದಿಂದ ಸಾಲದ ಕರಾರಿನಲ್ಲಿ ಪಡೆದಿದ್ದ ಲಿಬರೇಟರ್ ಬಾಂಬರುಗಳನ್ನು ಕಾನ್ಪುರದ ಚಕೇರಿಯಲ್ಲಿ ಬಿಟ್ಟುಹೋಯಿತು. ಕರಾರಿನ ಪ್ರಕಾರ ಅವನ್ನು ಯಾರೂ ಬಳಸುವಂತಿರಲಿಲ್ಲ. ಹಾಗಾಗಿ ಉಪಕರಣಗಳನ್ನು ಒಡೆದು, ಎಂಜಿನ್ನಿಗೆ ಮರಳು ಸುರಿದು, ಮೈಯನ್ನು ಜಜ್ಜಿ ಬಿಟ್ಟಿದ್ದರು. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರ್ ಬೇಕಿತ್ತು, ಕೊಳ್ಳಲು ಹಣವಿರಲಿಲ್ಲ. 1948ರಲ್ಲಿ ಆ ಅವಶೇಷಗಳ ನಡುವೆ ಇಳಿದದ್ದು ಬೆಂಗಳೂರಿನ ಎಚ್‌ಎಎಲ್ ತಂಡ. ಒಂದರ ರೆಕ್ಕೆ, ಇನ್ನೊಂದರ ಬಾಲ, ಮತ್ತೊಂದರ ಎಂಜಿನ್ ಜೋಡಿಸಿ ಹೇಗೋ ಹಾರುವ ಮಟ್ಟಕ್ಕೆ ತರುತ್ತಿದ್ದರು. ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಮ್‌ಶೆದ್ ಮುನ್ಶಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಬಿಚ್ಚಿ, ದುರಸ್ತಿ ಮಾಡಿ ವಾಯುಪಡೆಗೆ ಒಪ್ಪಿಸಲಾಯಿತು. ನಲವತ್ತಕ್ಕೂ ಹೆಚ್ಚು ವಿಮಾನಗಳು ಹೀಗೆ ಮರುಹುಟ್ಟು ಪಡೆದವು. 1968ರ ಕೊನೆಯವರೆಗೂ ಅವು ನಮ್ಮ ಸೇವೆಯಲ್ಲಿದ್ದವು.

ಕಥೆಯ ನಿಜವಾದ ತಿರುವು ಇರುವುದು ಆಮೇಲೆ. ಅಮೆರಿಕದಲ್ಲಿ 18 ಸಾವಿರಕ್ಕೂ ಹೆಚ್ಚು ಲಿಬರೇಟರ್‌ಗಳು ತಯಾರಾಗಿದ್ದವು. ಯುದ್ಧ ಮುಗಿದದ್ದೇ ತಡ, ಅಮೆರಿಕನ್ನರು ಅವನ್ನು ಸಾಲಾಗಿ ಕರಗಿಸಿಬಿಟ್ಟರು. ಎರಡು ದಶಕ ಕಳೆದು ಮ್ಯೂಸಿಯಂ ಕಟ್ಟುವ ಹಂಬಲ ಹುಟ್ಟಿದಾಗ ಹುಡುಕಿದರೆ ಸಿಗುವುದೇ ದುರ್ಲಭ! ಸಿಕ್ಕಿದ್ದು ಭಾರತದಲ್ಲಿ. 1968ರಲ್ಲಿ ಕೆನಡಾ ಒಂದನ್ನು ಒಯ್ದಿತು. ಬದಲಿಗೆ ಅದು ಕೊಟ್ಟ ಲೈಸ್ಯಾಂಡರ್ ವಿಮಾನ ಇವತ್ತು ದೆಹಲಿಯ ಪಾಲಂನ ವಾಯುಪಡೆ ಮ್ಯೂಸಿಯಂನಲ್ಲಿದೆ. 1969ರಲ್ಲಿ ಅರಿಜೋನಾದ ಪಿಮಾ ಮ್ಯೂಸಿಯಂಗೆ ಒಂದು ಹೋಯಿತು. 1974ರಲ್ಲಿ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂಗೆ ಇನ್ನೊಂದು. ಎಂಬತ್ತರ ದಶಕದಲ್ಲಿ ಅಮೆರಿಕದ ಕಾಲಿಂಗ್ಸ್ ಫೌಂಡೇಷನ್ ಕೊಂಡದ್ದು ಮತ್ತೊಂದು. ತಯಾರಿಸಿದ ದೇಶ ಕರಗಿಸಿದ್ದನ್ನು ಬಳಸಿದ ಬಡ ದೇಶ ಉಳಿಸಿಕೊಟ್ಟಿತು. ನಾವು ಉಳಿಸಿದ್ದು ಪರಂಪರೆಯ ಮೇಲಿನ ಅಕ್ಕರೆಯಿಂದಲ್ಲ, ಬಿಸಾಡುವ ಅನುಕೂಲ ಇರಲಿಲ್ಲ ಎಂಬ ಕಾರಣಕ್ಕೆ. ಅದೇನೂ ನಾಚಿಕೆಪಡುವ ಸಂಗತಿಯಲ್ಲ. ಜಗತ್ತಿನಲ್ಲಿ ಹಳೆಯ ಯಂತ್ರಗಳು ಬಹುಪಾಲು ಉಳಿದಿರುವುದು ಹೀಗೆಯೇ.

ಬೇರೆಯವರ ವಿಮಾನವನ್ನು ಉಳಿಸಿದ ಊರು ತನ್ನದನ್ನು ಹೇಗೆ ಇಟ್ಟುಕೊಂಡಿದೆ? ಎಚ್‌ಎಫ್–24 ಮಾರುತ್ ಭಾರತದಲ್ಲಿ ವಿನ್ಯಾಸಗೊಂಡ ಮೊದಲ ಜೆಟ್ ಯುದ್ಧವಿಮಾನ. ಫೋಕ್‌–ವುಲ್ಫ್ 190 ಯುದ್ಧವಿಮಾನ ರೂಪಿಸಿದ ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಇಲ್ಲಿನ ಎಂಜಿನಿಯರುಗಳ ಜೊತೆ ಕೂತು ಮಾಡಿದ್ದು. ಮೊದಲು ಪೂರ್ಣ ಗಾತ್ರದ ಮರದ ಗ್ಲೈಡರ್ ಕಟ್ಟಿ, ಡಕೋಟಾ ವಿಮಾನಕ್ಕೆ ಹಗ್ಗ ಬಿಗಿದು ಮೇಲೆಳೆದು ಪರೀಕ್ಷಿಸಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಮಾರುತ್ ಹಾರಿಸಿದರು. ಎಂಟೂವರೆ ವರ್ಷಗಳ ನಂತರ ಇದೇ ವಿಮಾನದ ಸುಧಾರಿತ ಮಾದರಿಯ ಪರೀಕ್ಷೆಯಲ್ಲಿ ಬೆಂಗಳೂರಿನಲ್ಲೇ ಪ್ರಾಣ ಬಿಟ್ಟರು. ಸುರಂಜನ್ ದಾಸ್ ರಸ್ತೆಯ ವಾಹನ ದಟ್ಟಣೆಯಲ್ಲಿ ನಿತ್ಯ ಸಿಕ್ಕಿಕೊಳ್ಳುವ ಸಾವಿರಾರು ಜನರಲ್ಲಿ ಆ ಹೆಸರು ಯಾರದು ಎಂದು ಬಲ್ಲವರು ಎಷ್ಟೋ!

ಒಟ್ಟು 147 ಮಾರುತ್‌ಗಳು ತಯಾರಾದವು. ಸರಿಯಾದ ಎಂಜಿನ್ ಸಿಗಲಿಲ್ಲ, ಅದರ ಶಕ್ತಿ ಪೂರ್ತಿ ಹೊರಬರಲೇ ಇಲ್ಲ. 1990ರ ಹೊತ್ತಿಗೆ ಸೇವೆ ಮುಗಿಯಿತು. ಈಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು, ಮಾರತ್‌ಹಳ್ಳಿ ಬಳಿಯ ಎಚ್‌ಎಎಲ್ ಪಾರಂಪರಿಕ ಕೇಂದ್ರದಲ್ಲಿ ಒಂದು, ಎರಡೂ ಬಯಲಲ್ಲಿ ನಿಂತಿವೆ. ಮ್ಯೂನಿಕ್ ಬಳಿಯ ಶ್ಲೈಸ್‌ಹೈಮ್‌ನಲ್ಲಿ ಡಾಯ್ಚಸ್ ಮ್ಯೂಸಿಯಂನವರ ವಿಮಾನ ಸಂಗ್ರಹವಿದೆ. ಅಲ್ಲೂ ಒಂದು ಮಾರುತ್ ಇದೆ. ಕುರ್ಟ್ ಟ್ಯಾಂಕ್ ತಮ್ಮವರು ಎಂಬ ಒಂದೇ ನಂಟಿಗೆ ಜರ್ಮನ್ನರು ಅದನ್ನು ಒಯ್ದು ಜೋಪಾನ ಮಾಡಿದ್ದಾರೆ. ಇನ್ನು ಐವತ್ತು ವರ್ಷದ ಮೇಲೆ ಮಾರುತ್ ಬಗ್ಗೆ ಸಂಶೋಧನೆ ಮಾಡುವವರು ಬೆಂಗಳೂರಿಗೆ ಬರುವ ಬದಲು ಮ್ಯೂನಿಕ್‌ಗೆ ಟಿಕೆಟ್ ಕೊಳ್ಳಬೇಕಾದರೆ ಅಚ್ಚರಿಯಿಲ್ಲ.

ಎಚ್‌ಎಎಲ್ ಕೇಂದ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. 2001ರಲ್ಲಿ ಅದನ್ನು ತೆರೆಯದೇ ಹೋಗಿದ್ದರೆ ಇರುವಷ್ಟೂ ಉಳಿಯುತ್ತಿರಲಿಲ್ಲ. ಶಾಲಾ ಮಕ್ಕಳು ವಿಮಾನವನ್ನು ಮುಟ್ಟಿ ನೋಡುವ ಜಾಗ ಅದು, ಆ ಸುಖ ಗಾಜಿನ ಪೆಟ್ಟಿಗೆಯಲ್ಲಿ ಇಲ್ಲ. ಆದರೆ ಮರಗಳ ಕೆಳಗೆ ಹುಲ್ಲಿನ ಮೇಲೆ ನಿಂತ ವಿಮಾನಕ್ಕೆ ಬೆಂಗಳೂರಿನ ಸೌಮ್ಯ ಹವೆಯೂ ಕೊನೆಗೆ ದಯೆ ತೋರುವುದಿಲ್ಲ. ವಿಮಾನ ಕಟ್ಟುವ ಕಂಪನಿಗೆ, ಹ್ಯಾಂಗರ್‌ಗಳಿಂದಲೇ ತುಂಬಿದ ಆವರಣಕ್ಕೆ, ಇನ್ನೊಂದು ಹ್ಯಾಂಗರ್ ಕಟ್ಟುವುದು ದೊಡ್ಡ ಮಾತೇ?

ಕಾರವಾರದ ಸಂಗತಿ ಇದಕ್ಕಿಂತ ಕಷ್ಟದ್ದು. ನೌಕಾಪಡೆಯಿಂದ 2017ರಲ್ಲಿ ನಿವೃತ್ತಿಯಾದ ಟುಪೊಲೆವ್–142 ಎಂಬ ದೈತ್ಯ ವಿಮಾನವೊಂದನ್ನು ಅರಕ್ಕೋಣಂನಿಂದ ಬಿಡಿಭಾಗಗಳಾಗಿ ತಂದು, ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಜೋಡಿಸಲಾಗಿದೆ. ನೋಡಲು ಭವ್ಯ. ಪ್ರವಾಸಿಗರಿಗೆ ಖುಷಿ. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ, ಉಳಿದ ತಿಂಗಳು ಉಪ್ಪುಗಾಳಿ. ಅಲ್ಯೂಮಿನಿಯಂಗೆ ಇದಕ್ಕಿಂತ ಕೆಟ್ಟ ವಿಳಾಸ ಹುಡುಕುವುದು ಕಷ್ಟ. ಸೇವೆಯಲ್ಲಿದ್ದಾಗ ಕಡಲ ಮೇಲೆ ಹಾರಿ ಬಂದ ವಿಮಾನವನ್ನು ಸಿಹಿನೀರಿನಲ್ಲಿ ತೊಳೆಯುವುದು ನೌಕಾಪಡೆಯ ದಿನಚರಿ. ನಿವೃತ್ತಿಯ ನಂತರ ತೊಳೆಯುವವರು ಯಾರು, ಅದಕ್ಕೆ ವರ್ಷಕ್ಕೆ ಎಷ್ಟು ಹಣ ಎಂಬುದು ವಿಮಾನ ತರುವ ಮೊದಲೇ ಕಾಗದದ ಮೇಲೆ ತೀರ್ಮಾನವಾಗಬೇಕಾದ ವಿಷಯ. ತರುವ ಖರ್ಚಿಗೆ ಸರ್ಕಾರಗಳು ಮುಂದೆ ಬರುತ್ತವೆ, ಇಟ್ಟುಕೊಳ್ಳುವ ಖರ್ಚಿಗೆ ಲೆಕ್ಕ ಶೀರ್ಷಿಕೆಯೇ ಇರುವುದಿಲ್ಲ.

ಬಯಲಲ್ಲಿ ಇಟ್ಟು ತಡವಾಗಿ ಎಚ್ಚೆತ್ತರೆ ಏನಾಗುತ್ತದೆ ಎಂಬುದಕ್ಕೆ ಮೆಂಫಿಸ್ ಬೆಲ್ ಸಾಕ್ಷಿ. ಯುರೋಪಿನ ಮೇಲೆ 25 ದಾಳಿ ಮುಗಿಸಿ ತವರಿಗೆ ಮರಳಿ ಮನೆಮಾತಾದ ಬಿ–17 ಬಾಂಬರ್ ಅದು. 1946ರಲ್ಲಿ ಮೆಂಫಿಸ್ ನಗರ ಅದನ್ನು 350 ಡಾಲರ್‌ಗೆ ಕೊಂಡು ಊರಲ್ಲಿ ಬಯಲಿಗೆ ನಿಲ್ಲಿಸಿತು. ಮುಂದಿನ ದಶಕಗಳಲ್ಲಿ ಮಳೆ ಬಿಸಿಲಿನ ಜೊತೆ, ಬಿಡಿಭಾಗಗಳನ್ನು ಕಿತ್ತು ಜೇಬಿಗಿಳಿಸುವ ಅಭಿಮಾನಿಗಳೂ ಸೇರಿ ಅದನ್ನು ತಿಂದರು. 2005ರಲ್ಲಿ ಅಮೆರಿಕದ ವಾಯುಪಡೆ ಮ್ಯೂಸಿಯಂ ಅದನ್ನು ಡೇಟನ್‌ಗೆ ಒಯ್ದು ಕೆಲಸ ಶುರುಮಾಡಿತು. ಜನರ ಮುಂದೆ ಇಟ್ಟದ್ದು 2018ರ ಮೇ ತಿಂಗಳಲ್ಲಿ. ಹದಿಮೂರು ವರ್ಷದ ದುಡಿಮೆ, ಅದೂ ಅಮೆರಿಕದ ಹಣಬಲದಲ್ಲಿ. ಸಮುದ್ರದಡಿಯಿಂದ ತೆಗೆದದ್ದಾದರೆ ಗೋಳು ಇನ್ನೂ ಹೆಚ್ಚು. 2013ರಲ್ಲಿ ಇಂಗ್ಲಿಷ್ ಕಾಲುವೆಯ ಬಾಯಲ್ಲಿ ಎತ್ತಿದ ಜರ್ಮನ್ ಡಾರ್ನಿಯರ್–17ರ ಮೈಯಿಂದ ಉಪ್ಪು ಬಿಡಿಸಲು, ಲಿಂಬೆಯಲ್ಲಿರುವ ಸಿಟ್ರಿಕ್ ಆಮ್ಲದ ದ್ರಾವಣವನ್ನು ವರ್ಷಗಟ್ಟಲೆ ಸಿಂಪಡಿಸಿದರು.

ಹೊಸದಾಗಿ ಕಾಣುವಂತೆ ಮಾಡುವುದು ಪುನರುಜ್ಜೀವನವೇ? ಇಲ್ಲೊಂದು ಹಳೆಯ ಜಗಳವಿದೆ. ಬ್ರಿಟನ್ನಿನಲ್ಲಿ ಹಾರುವ ಸ್ಪಿಟ್‌ಫೈರ್‌ಗಳಲ್ಲಿ ಕೆಲವದರ ಲೋಹ ಬಹುಪಾಲು ಹೊಸದು. ಹಳೆಯದು ಎನ್ನಲು ಗುರುತಿನ ಫಲಕ ಮತ್ತು ಒಂದಿಷ್ಟು ತುಣುಕು. ಇದಕ್ಕೆ ವಿರುದ್ಧವಾಗಿ, ಲಂಡನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ ನಾರ್ವೆಯ ಸರೋವರದಿಂದ ಎತ್ತಿದ ಹ್ಯಾಲಿಫ್ಯಾಕ್ಸ್ ಬಾಂಬರನ್ನು ಸಿಕ್ಕ ಸ್ಥಿತಿಯಲ್ಲೇ ಇಟ್ಟಿದೆ. ನನ್ನ ಒಲವು ಎರಡನೆಯದರ ಕಡೆ. ಸುಕ್ಕುಗಟ್ಟಿದ ತಗಡು, ಯಾವನೋ ಮೆಕ್ಯಾನಿಕ್ ಪೆನ್ಸಿಲ್ಲಿನಲ್ಲಿ ಬರೆದಿಟ್ಟ ಗುರುತು, ದುರಸ್ತಿಯ ತೇಪೆ, ಇವೆಲ್ಲ ದಾಖಲೆಗಳೇ. ಥಳಥಳ ಹೊಳೆಯುವ ಬಣ್ಣ ಹೊಡೆದರೆ ಅವು ಅಳಿಸಿಹೋಗುತ್ತವೆ, ಮತ್ತೆ ತರಲಾಗುವುದಿಲ್ಲ. ದೇವಸ್ಥಾನದ ಹಳೆಯ ಕಲ್ಲಿಗೆ ಮರಳು ಊದಿ ಶಾಸನವನ್ನೇ ಅಳಿಸುವ ಜೀರ್ಣೋದ್ಧಾರವನ್ನು ನಾವು ಸಾಕಷ್ಟು ಕಂಡಿದ್ದೇವೆ.

ಹಾರಿಸಬೇಕೇ ಬೇಡವೇ ಎಂಬುದು ಇನ್ನೂ ತೊಡಕಿನದು. ನಮ್ಮ ವಾಯುಪಡೆಯ ಪಾರಂಪರಿಕ ತುಕಡಿಯಲ್ಲಿ 2012ರಿಂದ ಟೈಗರ್ ಮಾತ್ ಹಾರಿದೆ. 2018ರಲ್ಲಿ ‘ಪರಶುರಾಮ’ ಎಂಬ ಡಕೋಟಾ ಸೇರಿತು. ಡಕೋಟಾ ಪೈಲಟ್ ಆಗಿದ್ದ ತಂದೆಯ ಗೌರವಾರ್ಥ ಬೆಂಗಳೂರಿನ ರಾಜೀವ್ ಚಂದ್ರಶೇಖರ್ ಅದನ್ನು ಕೊಂಡು, ದುರಸ್ತಿ ಮಾಡಿಸಿ ಉಡುಗೊರೆ ಕೊಟ್ಟರು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಮೊದಲ ಸೈನಿಕರನ್ನು ಇಳಿಸಿದ ವಿಮಾನದ ಸಂಖ್ಯೆಯನ್ನೇ ಅದಕ್ಕೆ ಇಟ್ಟಿದ್ದಾರೆ. ಅದರ ಎಂಜಿನ್ನಿನ ಸದ್ದಿಗೆ ಯಾವ ಮ್ಯೂಸಿಯಂ ಫಲಕವೂ ಸಾಟಿಯಲ್ಲ, ನಿಜ. ಆದರೆ ಎರಡೂ ವಿಮಾನಗಳು ಸಜ್ಜಾದದ್ದು ಬ್ರಿಟನ್ನಿನಲ್ಲಿ. ಮಹಾಯುದ್ಧದ ನಂತರ ಡಕೋಟಾಗಳನ್ನು ಸಾಲಾಗಿ ದುರಸ್ತಿ ಮಾಡಿ ಕೊಟ್ಟದ್ದು ಇದೇ ಬೆಂಗಳೂರು ಎಂಬುದನ್ನು ನೆನೆದರೆ, ಕಳೆದುಕೊಂಡದ್ದು ಕೈಕೆಲಸ ಎಂದು ಗೊತ್ತಾಗುತ್ತದೆ.

ಹಾರಾಟಕ್ಕೆ ತೆರುವ ಬೆಲೆಯೂ ಸಣ್ಣದಲ್ಲ. 2019ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಪ್ರಯಾಣಿಕರನ್ನು ಹೊತ್ತ ಬಿ–17 ಬಿದ್ದು ಏಳು ಜನ ಸತ್ತರು. ಅದು ಭಾರತದಲ್ಲಿ ಉಳಿದಿದ್ದ ಲಿಬರೇಟರ್ ಕೊಂಡಿದ್ದ ಅದೇ ಕಾಲಿಂಗ್ಸ್ ಫೌಂಡೇಷನ್ನಿನದು. 2022ರ ನವೆಂಬರ್‌ನಲ್ಲಿ ಡಲ್ಲಾಸ್ ಪ್ರದರ್ಶನದಲ್ಲಿ ಎರಡು ಹಳೆಯ ವಿಮಾನಗಳು ಡಿಕ್ಕಿ ಹೊಡೆದು ಆರು ಜನ ಹೋದರು. ಮನುಷ್ಯರ ಜೊತೆಗೆ ಮತ್ತೆಂದೂ ಸಿಗದ ವಿಮಾನಗಳೂ ಹೋದವು. ಸಾವಿರಗಟ್ಟಲೆ ಉಳಿದಿರುವ ಮಾದರಿಯಲ್ಲಿ ಒಂದೆರಡನ್ನು ಹಾರಿಸಲಿ, ತಕರಾರಿಲ್ಲ. ಬೆರಳೆಣಿಕೆಯಷ್ಟೇ ಇರುವ ಮಾರುತ್‌ನಂಥದ್ದನ್ನು ಹಾರಿಸುವ ಆಸೆ ಬಿಡುವುದೇ ಸರಿ.

ಮಿಗ್–21ರ ವಿಷಯದಲ್ಲಿ ನನ್ನ ವಾದ ಸರಳ: ಕಡಿಮೆ ಇಟ್ಟುಕೊಳ್ಳಿ, ಚೆನ್ನಾಗಿ ಇಟ್ಟುಕೊಳ್ಳಿ. ಒಂದೊಂದು ಮಾದರಿಗೆ ಒಂದೆರಡು, ಅದೂ ಯುದ್ಧದ ದಾಖಲೆ ಇರುವಂಥವನ್ನು ಆರಿಸಿ, ಮೂಲ ಬಣ್ಣದಲ್ಲೇ ಸೂರಿನಡಿ ಇಡಲಿ. ವೃತ್ತಗಳಿಗೆ ವಿಮಾನ ಬೇಕೇ ಬೇಕೆಂದರೆ ಫೈಬರ್ ಮಾದರಿ ಸಾಕು, ಮಕ್ಕಳ ಕಣ್ಣಿಗೆ ವ್ಯತ್ಯಾಸ ಕಾಣದು. ಕೇಳಿದ ಸಂಸ್ಥೆಗೆಲ್ಲ ಕೊಡುವ ಮೊದಲು ವಾಯುಪಡೆ ನಿರ್ವಹಣೆಯ ಹಣದ ಖಾತ್ರಿ ಪಡೆಯಲಿ, ಉಲ್ಲಂಘಿಸಿದರೆ ವಾಪಸ್ ತರಲಿ. ಕರ್ನಾಟಕದಲ್ಲಿ ಎಲ್ಲೆಲ್ಲಿ ಯಾವ ಸಂಖ್ಯೆಯ ವಿಮಾನ ನಿಂತಿದೆ, ಅದರ ಸ್ಥಿತಿ ಏನು ಎಂಬ ಪಟ್ಟಿಯನ್ನು ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆ ತಯಾರಿಸಬಹುದು. ಅದಕ್ಕೆ ಕೋಟಿಗಳು ಬೇಕಿಲ್ಲ. ಒಂದು ಜೀಪು, ಒಂದು ಕ್ಯಾಮೆರಾ, ಲೋಹ ಬಲ್ಲ ಇಬ್ಬರು ಸಾಕು. ಕಸ್ತೂರಬಾ ರಸ್ತೆಯ ಮಾರುತ್‌ಗೆ ಈ ಮಳೆಗಾಲಕ್ಕೆ ಮುಂಚೆಯೇ ಒಂದು ಮೇಲ್ಛಾವಣಿ ಆಗಬೇಕು.

ಉಳಿದ ಕೆಲಸ ಓದುಗರದ್ದು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಎಚ್‌ಎಎಲ್‌ನಿಂದ ನಿವೃತ್ತರಾದ ಹಿರಿಯರಿದ್ದಾರೆ. ಮಾರುತ್‌ನ, ಎಚ್‌ಟಿ–2 ತರಬೇತಿ ವಿಮಾನದ ರಿವೆಟ್ ಹೊಡೆದ ಕೈಗಳು ಈಗ ಎಂಬತ್ತು ದಾಟಿವೆ. ಅವರ ಬೀರುವಿನಲ್ಲಿ ಹಳೆಯ ನಕ್ಷೆ, ನೋಟ್‌ಬುಕ್, ಶಾಪಿನಲ್ಲಿ ತೆಗೆಸಿಕೊಂಡ ಫೋಟೊ ಇದ್ದೀತು. ದಯವಿಟ್ಟು ಅವನ್ನು ಹಳೇ ಪೇಪರ್ ಕೊಳ್ಳುವವರಿಗೆ ಹಾಕಬೇಡಿ. ಆ ಹಿರಿಯರನ್ನು ಕೂರಿಸಿ ಮಾತಾಡಿಸಿ, ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿ, ಒಂದು ಪ್ರತಿಯನ್ನು ಪಾರಂಪರಿಕ ಕೇಂದ್ರಕ್ಕೆ ತಲುಪಿಸಿ.