ಊರಿಗೆ ಬರುವವರಲ್ಲಿ ಒಂದು ಅರಿಕೆ

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ಹಳೆಯ ವಿದ್ಯಾರ್ಥಿಗಳಿಂದ ನನಗೆ ಬರುವ ಸಂದೇಶಗಳ ಧಾಟಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಸರ್, ಈ ಸಲ ಊರಿಗೆ ಬರುತ್ತಿದ್ದೇವೆ. ಮೂರೇ ವಾರ ರಜ. ನಿಮ್ಮನ್ನು ಕಾಣದೆ ಹೋಗುವುದಿಲ್ಲ." ಹೀಗೆ ಬರೆದವರಲ್ಲಿ ಕೆಲವರು ಬರುತ್ತಾರೆ, ಹಲವರು ಹೊರಡುವ ರಾತ್ರಿ ದೇವನಹಳ್ಳಿಯ ವಿಮಾನನಿಲ್ದಾಣದಿಂದ ಕರೆ ಮಾಡಿ ನೊಂದುಕೊಳ್ಳುತ್ತಾರೆ. ಇದರಿಂದ ನನಗೆ ಕಿಂಚಿತ್ತೂ ಬೇಸರವಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಮೇಷ್ಟರ ಸರದಿ ಕೊನೆಯಲ್ಲಿ ಬರುವುದೇ ನ್ಯಾಯ. ಆದರೆ ನಿವೃತ್ತನಾಗಿ ಸಾಗರದಲ್ಲಿ ಕುಳಿತು ಈ ಬರುವಿಕೆ, ಹೋಗುವಿಕೆಗಳನ್ನು ಇಷ್ಟು ವರ್ಷ ನೋಡಿದ ಮೇಲೆ ಒಂದೆರಡು ಮಾತು ಹೇಳಬೇಕೆನಿಸಿದೆ. ಪಾಠ ಹೇಳುವ ಚಟ ಇನ್ನೂ ಬಿಟ್ಟಿಲ್ಲವೆಂದು ನೀವು ನಗಬಹುದು.

ಮೂರು ವಾರವೆಂದರೆ ಇಪ್ಪತ್ತೊಂದು ದಿನ. ಪ್ರಯಾಣಕ್ಕೆ ಹಾಗೂ ತಲೆಕೆಳಗಾದ ನಿದ್ರೆಗೆ ನಾಲ್ಕೈದು ದಿನ ಹೋಯಿತು. ಮಾವನ ಮನೆಗೆ ಒಂದು ವಾರ; ಅದು ಸಲ್ಲಬೇಕಾದದ್ದೇ. ಮನೆದೇವರು, ಒಂದು ಮದುವೆ, ಒಂದು ಉಪನಯನ, ಬ್ಯಾಂಕಿನ ಕಾಗದಪತ್ರ, ಅಲ್ಲಿ ದುಬಾರಿಯೆಂದು ಇಲ್ಲಿಗೆ ಉಳಿಸಿಕೊಂಡು ಬಂದ ಹಲ್ಲಿನ ಚಿಕಿತ್ಸೆ, ಬೆಂಗಳೂರಿನಲ್ಲಿ ಸೀರೆಯಂಗಡಿ. ಬೆಂಗಳೂರಿನಿಂದ ಸಾಗರ ಸುಮಾರು 360 ಕಿಲೋಮೀಟರ್. ರಾತ್ರಿಯ ರೈಲಿದೆ, 2023ರಿಂದ ಶಿವಮೊಗ್ಗಕ್ಕೆ ವಿಮಾನವೂ ಇದೆ. ಆದರೂ ಲೆಕ್ಕ ಹಾಕಿದರೆ ಹೆತ್ತವರ ಮನೆಯಲ್ಲಿ ಪೂರ್ತಿಯಾಗಿ ಕಳೆಯುವ ಹಗಲುಗಳು ಐದೋ ಆರೋ. ಆ ಐದಾರು ದಿನವೂ ಯಾರನ್ನಾದರೂ ನೋಡಲು ಹೋಗುವುದರಲ್ಲಿ ಅಥವಾ ನೋಡಲು ಬಂದವರಿಗೆ ಕಾಫಿ ಕೊಡುವುದರಲ್ಲಿ ಮುಗಿಯುತ್ತವೆ.

ಹಿಂದೆ ಈ ಭೇಟಿಗಳಿಗೆ ಬೇರೆಯೇ ಅರ್ಥವಿತ್ತು. ನೀಲಿ ಬಣ್ಣದ ಏರೋಗ್ರಾಂ ತಲುಪಲು ವಾರಗಳು ಹಿಡಿಯುತ್ತಿದ್ದ ಕಾಲದಲ್ಲಿ ಮನೆಗೆ ಬಂದ ಮಗನೇ ಸುದ್ದಿಯ ಗಂಟಾಗಿದ್ದ. ಅಮೆರಿಕಕ್ಕೆ ಹೋಗಿ ಬಂದ ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕಾದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ನಮ್ಮೂರ ವಾಚನಾಲಯದಲ್ಲಿ ಆ ಪುಸ್ತಕಕ್ಕೆ ಸರದಿಯಿತ್ತು. ಅಲ್ಲಿನ ಬದುಕು ಹೇಗಿದೆಯೆಂದು ತಿಳಿಯಲು ನಮಗೆ ಬೇರೆ ದಾರಿಯೇ ಇರಲಿಲ್ಲ. ಈಗ ಹಾಗಲ್ಲ. ಮಗನ ಮನೆಯ ಅಂಗಳದಲ್ಲಿ ಎಷ್ಟು ಹಿಮ ಬಿದ್ದಿದೆ, ಮೊಮ್ಮಗಳು ಬೆಳಗ್ಗೆ ಏನು ತಿಂದಳು ಎಂಬುದೆಲ್ಲ ಇಲ್ಲಿನ ತಾಯಿಗೆ ಅಂದೇ ಗೊತ್ತು. ಮುಖ ನೋಡುವುದಕ್ಕಾಗಲಿ ಸುದ್ದಿ ಹೇಳುವುದಕ್ಕಾಗಲಿ ಸಾವಿರಾರು ಮೈಲಿ ಬರಬೇಕಾಗಿಲ್ಲ.

ಹಾಗಾದರೆ ಏತಕ್ಕೆ ಬರಬೇಕು? ನನ್ನ ಅಭಿಪ್ರಾಯವಿಷ್ಟು: ಸುಮ್ಮನೆ ಕುಳಿತಿರುವುದಕ್ಕೆ. ಫೋನಿನಲ್ಲಿ ಮಾತನಾಡುತ್ತಲೇ ಇರಬೇಕು, ಎರಡು ನಿಮಿಷ ಮೌನವಾದರೆ "ಸರಿ, ಮತ್ತೇನು?" ಎಂದು ಮುಗಿಸಬೇಕಾಗುತ್ತದೆ. ತಂದೆಯ ಪಕ್ಕದಲ್ಲಿ ಜಗಲಿಯ ಮೇಲೆ ಮಾತಿಲ್ಲದೆ ಒಂದು ತಾಸು ಕುಳಿತಿರುವ ಸೌಕರ್ಯವನ್ನು ಯಾವ ಯಂತ್ರವೂ ಇನ್ನೂ ಒದಗಿಸಿಲ್ಲ. ಡಿಸೆಂಬರ್ ನಮ್ಮ ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ಕಾಲ. ಮನೆಯವರಿಗೆ ವರ್ಷದಲ್ಲೇ ಹೆಚ್ಚು ದಣಿವಿನ ದಿನಗಳು. ಅತಿಥಿಯನ್ನು ಉಪಚರಿಸಲು ಇದಕ್ಕಿಂತ ಕೆಟ್ಟ ಸಮಯವಿಲ್ಲ. ಆದರೆ ಮಗನಾಗಿ ಬಂದವನಿಗೆ ಇದಕ್ಕಿಂತ ಒಳ್ಳೆಯ ಸಮಯವೂ ಇಲ್ಲ. ಯಂತ್ರಗಳು ಬಂದಿದ್ದರೂ ಕೆಲವು ಮನೆಗಳಲ್ಲಿ ಇಂದಿಗೂ ಮೆಟ್ಟುಗತ್ತಿ ಇದೆ. ರಾತ್ರಿ ಅದರ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರೆ, ಕೇಳಬೇಕೆಂದು ಪಟ್ಟಿ ಮಾಡಿಕೊಂಡು ಬಂದರೂ ಬಾಯಿಗೆ ಬಾರದ ಮಾತು ತಾನಾಗಿಯೇ ಹೊರಬರುತ್ತದೆ. ಕೈ ಮರೆತಿದ್ದರೆ ಬೆರಳು ಜೋಪಾನ.

ಸ್ನೇಹಿತರ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಒಂದೇ ಬೆಂಚಿನಲ್ಲಿ ಕುಳಿತು ಓದಿದ ಇಬ್ಬರು ಹುಡುಗರು. ಒಬ್ಬ ಹೊರದೇಶದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಇನ್ನೊಬ್ಬ ಇಲ್ಲೇ ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಬಂದವನು ಆ ಅಂಗಡಿಯ ಮುಂದೆ ಕಾರಿನಲ್ಲಿ ಹಾದುಹೋಗುತ್ತಾನೆ, ನಿಲ್ಲಿಸುವುದಿಲ್ಲ. ಅಹಂಕಾರವೆಂದು ಜನ ಹೇಳುತ್ತಾರೆ. ನನಗೆ ಇಬ್ಬರೂ ಗೊತ್ತು, ಅಹಂಕಾರವಲ್ಲ. ನಿಲ್ಲಿಸಿದರೆ ಸಾಲ ಕೇಳಿಯಾನೇ, ಮಗನಿಗೆ ಅಲ್ಲಿ ಕೆಲಸ ಕೊಡಿಸೆಂದಾನೇ ಎಂಬ ಅಳುಕು ಇವನಿಗೆ. ನಾನೇ ಹೋಗಿ ಮಾತನಾಡಿಸಿದರೆ ಏನನ್ನೋ ಕೇಳಲು ಬಂದನೆಂದು ತಿಳಿದಾನು ಎಂಬ ಸಂಕೋಚ ಅವನಿಗೆ. ಹೀಗೆ ಇಬ್ಬರು ಮರ್ಯಾದಸ್ಥರು ಪರಸ್ಪರ ಮರ್ಯಾದೆ ಕಾಯುತ್ತ ಇಪ್ಪತ್ತು ವರ್ಷ ಮಾತನಾಡದೆ ಉಳಿದುಬಿಡುತ್ತಾರೆ. ಮೊದಲ ಹೆಜ್ಜೆಯನ್ನು ಬಂದವನೇ ಇಡಬೇಕೆಂಬುದು ನನ್ನ ಸ್ಪಷ್ಟ ನಿಲುವು. ಉಳಿದವನಿಗೆ ಆ ಹೆಜ್ಜೆ ಹೆಚ್ಚು ಭಾರ. ಉಡುಗೊರೆ ಬೇಡ, ಹತ್ತು ಪುಟ ಜೆರಾಕ್ಸ್ ಮಾಡಿಸುವ ನೆಪ ಸಾಕು. ದುಡ್ಡನ್ನು ಅವನು ಬೇಡವೆಂದರೂ ಕೊಟ್ಟು ಬನ್ನಿ.

ಟೀಕೆಯ ಬಗೆಗೂ ಒಂದು ಮಾತು. 1915ರ ಜನವರಿ 9ರಂದು ಗಾಂಧೀಜಿ ದಕ್ಷಿಣ ಆಫ್ರಿಕದ ವಾಸ ಮುಗಿಸಿ ಮುಂಬಯಿಯಲ್ಲಿ ಬಂದಿಳಿದರು. 2003ರಿಂದ ಪ್ರವಾಸಿ ಭಾರತೀಯ ದಿವಸಕ್ಕೆ ಆಯ್ದುಕೊಂಡಿರುವುದು ಇದೇ ದಿನವನ್ನು, 2017ರಲ್ಲಿ ಆ ಸಮಾವೇಶ ಬೆಂಗಳೂರಿನಲ್ಲೇ ನಡೆಯಿತು. ಬಂದವರಿಗೆ ಗೋಖಲೆಯವರು ಕೊಟ್ಟ ಸಲಹೆಯೆಂದರೆ, ಒಂದು ವರ್ಷ ದೇಶ ಸುತ್ತಿ ನೋಡು, ಸಾರ್ವಜನಿಕ ವಿಷಯಗಳ ಮೇಲೆ ಅಭಿಪ್ರಾಯ ಹೇಳಬೇಡ ಎಂಬುದಾಗಿತ್ತು. ಗಾಂಧೀಜಿಯವರು ಒಂದು ವರ್ಷ ತಡೆದುಕೊಂಡರೆ, ರಸ್ತೆಯ ಗುಂಡಿ ಹಾಗೂ ಬೀದಿಯ ಕಸದ ಬಗ್ಗೆ ನೀವು ಮೂರು ವಾರ ತಡೆದುಕೊಳ್ಳಬಹುದು. ಗುಂಡಿ ಇರುವುದು ನಮಗೂ ಗೊತ್ತು. ದಿನವೂ ಬೀಳುವವರು ನಾವೇ. ಹಾಗೆಯೇ ಇಲ್ಲಿನ ಬಂಧುಗಳು ಸಂಬಳ ಎಷ್ಟು, ಗ್ರೀನ್ ಕಾರ್ಡ್ ಆಯಿತೇ ಎಂಬ ಪ್ರಶ್ನೆಗಳನ್ನು ಒಂದು ಸಲ ಬದಿಗಿಟ್ಟರೆ ಒಳಿತು.

ಮಕ್ಕಳ ವಿಚಾರದಲ್ಲಿ ಪಂಚಾಂಗವೇ ಅಡ್ಡವಾಗಿದೆ. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್, ಮೇ. ಅಮೆರಿಕದ್ದು ಜೂನ್‌ನಿಂದ ಆಗಸ್ಟ್. ಡಿಸೆಂಬರಿನಲ್ಲಿ ಅವರಿಗೆ ರಜ, ನಮ್ಮ ಹೆಚ್ಚಿನ ಮಕ್ಕಳಿಗೆ ಶಾಲೆ. ಅಣ್ಣನ ಮಗ, ತಮ್ಮನ ಮಗಳು ಸಂಜೆ ಒಂದು ತಾಸು ನಾಚಿಕೆಯಿಂದ ಮುಖ ನೋಡಿಕೊಳ್ಳುವಷ್ಟರಲ್ಲಿ ಹೊರಡುವ ದಿನ ಬರುತ್ತದೆ. ಜೂನ್‌ನಲ್ಲಿ ಬರುವವರು ಮಕ್ಕಳನ್ನು ಒಂದು ವಾರ ಊರಿನ ಶಾಲೆಗೆ ಕಳುಹಿಸಿ ನೋಡಿ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಹಿಂದಿನ ಬೆಂಚಿನಲ್ಲಿ ಕೂರಿಸಿದರಾಯಿತು. ಮಳೆಯಲ್ಲಿ ನೆನೆದು, ಬಿಸಿಯೂಟ ಉಂಡು ಬಂದ ಮಗು ಒಂದು ವಾರದಲ್ಲಿ ಕಲಿಯುವ ಕನ್ನಡ ಪ್ರತಿ ಭಾನುವಾರದ ಪಾಠಕ್ಕಿಂತ ಹೆಚ್ಚೇ ಇರುತ್ತದೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ, ನನ್ನ ತರಗತಿಯಲ್ಲೇ ಎರಡು ಸಲ ಹೀಗೆ ನಡೆದಿದೆ.

ಇಷ್ಟೆಲ್ಲ ಹೇಳಿದರೂ ನನ್ನ ಮನಸ್ಸಿನಲ್ಲಿ ಮುಖ್ಯವಾಗಿರುವುದು ಬೇರೊಂದು. ಬರುವ ಮಗನಿಗಾಗಿ ಹೋಳಿಗೆ ಬೇಯುತ್ತದೆ, ಊರೆಲ್ಲ ನೋಡಲು ಬರುತ್ತದೆ. ಆ ತಂದೆತಾಯಿಯನ್ನು ವರ್ಷದ ಉಳಿದೆಲ್ಲ ದಿನಗಳಲ್ಲಿ ನೋಡಿಕೊಳ್ಳುವ ಅಣ್ಣ, ಅತ್ತಿಗೆಯರು ಆ ಮೂರು ವಾರ ಅಡಿಗೆಯವರೂ ಚಾಲಕರೂ ಆಗುತ್ತಾರೆ. ಅದೇ ಸಮಯದಲ್ಲಿ, ಎಲ್ಲರೂ ಸೇರಿದ್ದೇವೆಂದು, ತೋಟದ ಪಾಲಿನ ಮಾತೂ ಎದ್ದು ಊಟದ ಎಲೆಯ ಮುಂದೆಯೇ ಮುಖಗಳು ಬಿಗಿಯುತ್ತವೆ. ಪಾಲು ಕೇಳುವುದು ತಪ್ಪಲ್ಲ, ಕಾನೂನಿನ ಹಕ್ಕು. ಅದಕ್ಕೆ ಮೊದಲು ಹೊರೆಯಲ್ಲಿ ಪಾಲು ಕೇಳಿ ಎಂಬುದಷ್ಟೇ ನನ್ನ ಅರಿಕೆ.

ನನ್ನ ವಿದ್ಯಾರ್ಥಿಯೊಬ್ಬ, ಹೆಸರು ಬೇಡ, ಕೆಲವು ವರ್ಷಗಳ ಹಿಂದೆ ಬಂದವನು ಮೂರನೆಯ ದಿನವೇ ಅಣ್ಣ, ಅತ್ತಿಗೆಯ ಕೈಗೆ ಕಾಶಿಗೆ ಹೋಗಿಬರುವ ಟಿಕೆಟ್ ಕೊಟ್ಟ. ಹನ್ನೆರಡು ದಿನ ತಂದೆಯ ಇನ್ಸುಲಿನ್, ತಾಯಿಯ ಮಂಡಿನೋವಿನ ಎಣ್ಣೆ, ಎರಡು ಹಸು, ಕೊಟ್ಟಿಗೆ ಎಲ್ಲವೂ ಅವನವೇ. ಆ ಸಲ ಅವನು ಯಾರ ಮನೆಗೂ ಹೋಗಲಿಲ್ಲ. ನನ್ನಲ್ಲಿಗೂ ಬರಲಿಲ್ಲ, ನಾನೇ ಹೋಗಿ ನೋಡಿಬಂದೆ. ಸಗಣಿಯ ಕೈಯಲ್ಲೇ ನಮಸ್ಕಾರ ಮಾಡಿದ. ತಂದೆ ರಾತ್ರಿ ಎಷ್ಟು ಸಲ ಏಳುತ್ತಾರೆಂಬುದು ಅವನಿಗೆ ಆವರೆಗೆ ಗೊತ್ತೇ ಇರಲಿಲ್ಲವಂತೆ. ಅತ್ತಿಗೆ ಕಾಶಿಯಿಂದ ಬಂದವರು ಮೊದಲು ಕೊಟ್ಟಿಗೆಗೆ ಹೋಗಿ ಹಸುಗಳನ್ನು ನೋಡಿ, "ಪರವಾಗಿಲ್ಲ, ಸೊರಗಿಲ್ಲ" ಎಂದರಂತೆ. ಮರುವರ್ಷ ತೋಟದ ಪಾಲಿನ ಪತ್ರವನ್ನು ಅದೇ ಜಗಲಿಯಲ್ಲಿ ಅರ್ಧ ದಿನದಲ್ಲಿ ಬರೆದು ಮುಗಿಸಿದರು. ಸಾಕ್ಷಿಯ ಸಹಿ ಹಾಕಿದವರಲ್ಲಿ ನಾನೂ ಒಬ್ಬ.