ತರಗತಿಯಲ್ಲಿ ವಿಷಯ ಮಂಡನೆ: ಓದುವುದೋ, ಹೇಳುವುದೋ?



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಪ್ರೌಢಶಾಲೆಯಲ್ಲಿ ಓದುವ ಮಕ್ಕಳ ತಂದೆತಾಯಿಯರು. ಅವರು ದೂರವಾಣಿಯಲ್ಲಿ ಆಗಾಗ ಕೇಳುವುದುಂಟು: "ಸಾರ್, ಮಗಳಿಗೆ ತರಗತಿಯಲ್ಲಿ ಸೆಮಿನಾರ್ ಕೊಟ್ಟಿದ್ದಾರೆ. ಏನು ಬರೆದುಕೊಡಲಿ?" ಬರೆದುಕೊಡುವುದೇ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಾಗೆನ್ನಲು ಕಾರಣಗಳಿವೆ.

ಎಸ್.ಎಸ್.ಎಲ್.ಸಿ.ಯಲ್ಲಿ 2014-15ರಿಂದ ಬಹುತೇಕ ವಿಷಯಗಳಿಗೆ 20 ಅಂಕಗಳನ್ನು ಆಂತರಿಕ ಮೌಲ್ಯಮಾಪನಕ್ಕೆ ಮೀಸಲಿಡಲಾಯಿತು. ಮಗು ಮಾಡಿ, ಅಳೆದು, ನೋಡಿ, ಮಾತನಾಡಿ ಕಲಿಯಲಿ ಎಂಬ ಆಶಯ ಉತ್ತಮವಾದದ್ದೇ. ಆದರೆ ಹಲವು ಕಡೆ ನಡೆಯುವುದೇನು? ಅಂತರಜಾಲದಿಂದ ಇಳಿಸಿಕೊಂಡ ನಾಲ್ಕು ಪುಟ, ಜೆರಾಕ್ಸ್ ಅಂಗಡಿಯ ಸ್ಪೈರಲ್ ಬೈಂಡಿಂಗ್, ಅಪ್ಪನ ಕೈಬರಹದ ಚಾರ್ಟು. ಮಗು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದು ಒಂದೇ ಉಸಿರಿಗೆ ಓದಿ ಮುಗಿಸುತ್ತದೆ. ಕೇಳುವವರಿಗೂ ತಿಳಿಯಲಿಲ್ಲ, ಓದಿದವರಿಗೂ ತಿಳಿಯಲಿಲ್ಲ. ಅಂಕ ಮಾತ್ರ ಬಂದಿತು. ಇದು ಗಿಳಿಪಾಠಕ್ಕಿಂತಲೂ ಕಡೆ; ಗಿಳಿಯಾದರೂ ಹಾಳೆ ನೋಡುವುದಿಲ್ಲ!

ರಾಮನಗರದ ಕಡೆಯ ಗ್ರಾಮಾಂತರ ಶಾಲೆಯೊಂದರಲ್ಲಿ ನಾನು ಪಾಠ ಮಾಡುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ರೇಷ್ಮೆಹುಳುವಿನ ಬಗ್ಗೆ ಮಾತನಾಡಿದಳು. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಿದ್ದ ಹುಡುಗಿ ಅವಳು. ಅಂದು ಅವಳ ಕೈಯಲ್ಲಿ ಇದ್ದುದು ಒಂದು ಖಾಲಿ ಚಂದ್ರಂಕಿ ಮತ್ತು ನಾಲ್ಕು ಹಿಪ್ಪುನೇರಳೆ ಎಲೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಆಗ ಸೊಪ್ಪು ಮುಟ್ಟುವುದಿಲ್ಲ, ಎದ್ದ ಮೇಲೆ ಹಸಿವು ಹೆಚ್ಚು, ಕೊನೆಯ ಹಂತದಲ್ಲಿ ಮನೆಯವರಿಗೆ ರಾತ್ರಿಯೂ ನಿದ್ದೆಯಿಲ್ಲ ಎಂದು ವಿವರಿಸಿದಳು. ಪಠ್ಯಪುಸ್ತಕದ ಪೊರೆ ಕಳಚುವಿಕೆಯೇ ತನ್ನ ಮನೆಯವರು ಹೇಳುವ ಜ್ವರ ಎಂಬುದು ಅವಳ ಬಾಯಿಂದಲೇ ಬಂದಿತು. ಹಿಂದಿನ ಬೆಂಚಿನ ಹುಡುಗರು ಸಹ ಪ್ರಶ್ನೆ ಕೇಳಿದರು. ಅವಳಿಗೆ ಯಾರೂ ಏನನ್ನೂ ಬರೆದುಕೊಟ್ಟಿರಲಿಲ್ಲ. ಬಲ್ಲದ್ದನ್ನು ಹೇಳುವವರಿಗೆ ಮಾತು ತಾನಾಗಿ ಒದಗುತ್ತದೆ.

ಬಿ.ಎಡ್. ಮಾಡಿದವರಿಗೆಲ್ಲ ಸೂಕ್ಷ್ಮ ಬೋಧನೆ ನೆನಪಿರಬಹುದು. ಸಹಪಾಠಿಗಳ ಎದುರು ಆರು ನಿಮಿಷದ ಪಾಠ; ಒಂದು ಸಲಕ್ಕೆ ಒಂದೇ ಕೌಶಲ, ಪ್ರಶ್ನೆ ಕೇಳುವುದೋ, ಕರಿಹಲಗೆ ಬಳಸುವುದೋ. ಬಳಿಕ ಗುಣದೋಷಗಳ ವಿಮರ್ಶೆ. ಅನಂತರ ಮುಖ್ಯವಾದ ಹಂತ, ಮರುಬೋಧನೆ: ತಿದ್ದಿಕೊಂಡು ಅದೇ ಪಾಠವನ್ನು ಮತ್ತೆ ಮಾಡುವುದು. ಪದವಿ ಪಡೆದು ಬಂದ ನಮಗೆ ಎರಡನೆಯ ಅವಕಾಶವಿತ್ತು. ಹದಿನಾಲ್ಕು ವರ್ಷದ ಮಗುವಿಗೆ ಮಾತ್ರ ವರ್ಷಕ್ಕೊಂದೇ ಬಾರಿ ಅವಕಾಶ, ಅದಕ್ಕೇ ಅಂಕ! ಇದು ಯಾವ ನ್ಯಾಯ?

ಪಾಠ ಮುಗಿಸಲು ಸಮಯವಿಲ್ಲ ಎಂದು ಶಿಕ್ಷಕ ಮಿತ್ರರು ಹೇಳಬಹುದು. ಅವರ ಒತ್ತಡವನ್ನು ನಾನು ಬಲ್ಲೆ. ಆದರೂ ಲೆಕ್ಕ ಹಾಕಿ. ದಿನಕ್ಕೆ ಒಬ್ಬರಿಗೆ ಐದು ನಿಮಿಷ ಕೊಟ್ಟರೆ 200 ಶಾಲಾ ದಿನಗಳಲ್ಲಿ 50 ಮಕ್ಕಳ ತರಗತಿಯ ಪ್ರತಿಯೊಬ್ಬರಿಗೂ ನಾಲ್ಕು ಬಾರಿ ಅವಕಾಶ ಸಿಗುತ್ತದೆ. ಮೊದಲ ಬಾರಿ ತಡವರಿಸಿದ ಮಗು ನಾಲ್ಕನೆಯ ಬಾರಿ ತಡವರಿಸಲಾರದು. ವಾರ್ಷಿಕೋತ್ಸವದಲ್ಲಿ ಮಾತನಾಡುವ ಅದೇ ಇಬ್ಬರು ಮೂವರು ಜಾಣರನ್ನೇ ಪದೇ ಪದೇ ಎಬ್ಬಿಸುವುದಕ್ಕಿಂತ ಇದು ಮೇಲು.

ಇನ್ನು ಪೋಷಕರಾದ ನಿಮಗೆ ನಾಲ್ಕು ಮಾತು. ವಿಷಯವನ್ನು ಮಗುವೇ ಆರಿಸಿಕೊಳ್ಳಲಿ. ಅದು ಅದರ ಕಣ್ಣಿಗೆ ಬಿದ್ದದ್ದಾಗಿರಲಿ. ಅಂಗೈಯಗಲದ ಚೀಟಿಯಲ್ಲಿ ನಾಲ್ಕೈದು ಪದಗಳನ್ನಷ್ಟೇ ಬರೆದುಕೊಳ್ಳಲಿ, ವಾಕ್ಯಗಳನ್ನಲ್ಲ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ ಬಾಯಿಪಾಠವಿರಲಿ. ಎದೆ ಹೊಡೆದುಕೊಳ್ಳುವುದು ಆರಂಭದಲ್ಲಿ, ತಡಬಡಾಯಿಸುವುದು ಮುಗಿಸುವಾಗ. ಮನೆಯಲ್ಲಿ ಎದ್ದು ನಿಂತು, ಗಡಿಯಾರ ನೋಡಿಕೊಂಡು, ಅಜ್ಜಿಯ ಎದುರು ಎರಡು ಬಾರಿ ಗಟ್ಟಿಯಾಗಿ ಹೇಳಲಿ. ಅಜ್ಜಿಗೆ ಅರ್ಥವಾಗದ ಮಾತು ಮಗುವಿಗೂ ಅರ್ಥವಾಗಿಲ್ಲವೆಂದೇ ತಿಳಿಯಿರಿ.

ಸಭಾಕಂಪನಕ್ಕೆ ಹೆದರಬೇಕಾಗಿಲ್ಲ. ಲಂಡನ್ನಿನಲ್ಲಿ ಓದುತ್ತಿದ್ದಾಗ ಗಾಂಧೀಜಿ ತಾವು ಬರೆದು ತಂದ ಭಾಷಣವನ್ನೂ ಓದಲಾರದೆ ಬೇರೆಯವರಿಂದ ಓದಿಸಿದ್ದರು. 1891ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದ ಮೇಲೆ, ಮುಂಬಯಿಯಲ್ಲಿ ತಮ್ಮ ಮೊದಲ ಮೊಕದ್ದಮೆಯಲ್ಲಿ ಪಾಟೀಸವಾಲಿಗೆ ಎದ್ದು ನಿಂತು, ಮಾತು ಹೊರಡದೆ ಕುಳಿತುಬಿಟ್ಟರು. ಇದನ್ನೆಲ್ಲ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಆ ಸಂಕೋಚವೇ ತಮಗೆ ಮಿತವಾಗಿ ಮಾತನಾಡುವುದನ್ನು ಕಲಿಸಿತೆಂದೂ ಹೇಳಿದ್ದಾರೆ.

ಮುಂದೆ ನಿಮ್ಮ ಮಗು ಸಂದರ್ಶನದಲ್ಲಿ, ಗ್ರಾಮಸಭೆಯಲ್ಲಿ, ವೈದ್ಯರ ಎದುರಿನಲ್ಲಿ ತನ್ನ ಮಾತನ್ನು ತಾನೇ ಹೇಳಬೇಕಾಗುತ್ತದೆ. ಅಲ್ಲಿ ಬರೆದುಕೊಡಲು ನೀವು ಇರುವುದಿಲ್ಲ. ಆದ್ದರಿಂದ ಈಗಲೇ ಪೆನ್ನು ಕೆಳಗಿಟ್ಟು, ಮಗು ಹೇಳುವುದನ್ನು ಕುಳಿತು ಕೇಳಿ.